ಕೈಕಂಬಕ್ಕೆ ಮಾತು ಬಂದರೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವಾಗ ನಾನು ದಿನಕ್ಕೆ ಎರಡು ಸಲ ದಾಟುವ ಒಂದು ಕೂಡುರಸ್ತೆ ಇದೆ. ಎಡಗಡೆಯ ಗುಡ್ಡದಿಂದ ಪಂಚಾಯತ್ ರಸ್ತೆಯೊಂದು ಇಳಿಜಾರಾಗಿ ಬಂದು ಮುಖ್ಯರಸ್ತೆಗೆ ಸೇರುತ್ತದೆ. ಸೇರುವ ಮೂಲೆಯಲ್ಲಿ ಗುಡ್ಡ ಕಡಿದಾಗ ಉಳಿದ ಕೆಂಪುಕಲ್ಲಿನ ಬರೆ, ಅದರ ಮೇಲೊಂದು ಪಾಗಾರ, ಮಳೆಗಾಲ ಬಂತೆಂದರೆ ಪಾಗಾರದಿಂದ ಜೋತುಬೀಳುವ ಬಳ್ಳಿ. ಮೇಲಿನಿಂದ ಇಳಿಯುವವರಿಗೆ ಕೆಳಗಿನ ಬಸ್ಸು ಕಾಣುವುದಿಲ್ಲ. ಬಸ್ಸಿನವರಿಗೆ ಮೇಲಿನ ಸ್ಕೂಟರ್ ಕಾಣುವುದಿಲ್ಲ. ಎರಡೂ ಕಾಣುವುದು ಎದುರಿನ ಗೂಡಂಗಡಿಯಲ್ಲಿ ಕುಳಿತವರಿಗೆ ಮಾತ್ರ. ವಯಸ್ಸಾದ ಆ ಅಂಗಡಿಯವರನ್ನು ಜಾತಿ ಮತ ಇಲ್ಲದೆ ಎಲ್ಲರೂ ಇಚ್ಚ ಎಂದೇ ಕರೆಯುತ್ತಾರೆ.

ಜೂನ್ ತಿಂಗಳ ಒಂದು ಬೆಳಗ್ಗೆ ನಾನು ಅಲ್ಲಿ ಚಹಾಕ್ಕೆ ನಿಂತಿದ್ದೆ. ಮಳೆ ಜೋರಾಗಿತ್ತು. ಮೇಲಿನ ರಸ್ತೆಯಿಂದ ಸ್ಕೂಟರೊಂದು ಇಳಿಯುತ್ತಿತ್ತು. ಮುಂದೆ ನಿಂತ ಮಗು ನೀಲಿ ಮಳೆಯಂಗಿ ತೊಟ್ಟಿತ್ತು, ಹಿಂದೆ ಶಾಲೆಯ ಚೀಲ. ಇಚ್ಚ ಗ್ಲಾಸು ತೊಳೆಯುತ್ತಿದ್ದವರು ತಲೆಯನ್ನೂ ಪೂರ್ತಿ ಎತ್ತದೆ ಎಡಗೈಯನ್ನು ಮೇಲೆತ್ತಿ ಅಂಗೈ ತೋರಿಸಿದರು. ಸ್ಕೂಟರ್ ನಿಂತಿತು. ಎರಡು ಉಸಿರಿನಷ್ಟು ಹೊತ್ತಿನಲ್ಲಿ ಖಾಸಗಿ ಬಸ್ಸೊಂದು ನೀರು ಸಿಡಿಸಿಕೊಂಡು ಹಾದುಹೋಯಿತು. ಕೈ ಇಳಿಯಿತು. ಸ್ಕೂಟರ್ ಹೊರಟಿತು. ಆ ತಾಯಿ ಅವರತ್ತ ನೋಡಿ ತಲೆಯಾಡಿಸಿದ್ದು ಬಿಟ್ಟರೆ ಒಂದು ಮಾತೂ ಇಲ್ಲ.

ಕೂಡುರಸ್ತೆಗಳಲ್ಲಿ ವಾಹನಗಳು ಡಿಕ್ಕಿಯಾಗದಂತೆ ತಡೆಯುವ ಬುದ್ಧಿವಂತ ಸಂವಹನ ವ್ಯವಸ್ಥೆಗಳ ಬಗ್ಗೆ ಈಗ ದೇಶದಲ್ಲಿ ಮಾತು ಹೆಚ್ಚಾಗಿದೆ. ವಾಹನಗಳು ಒಂದರೊಡನೊಂದು ಮಾತನಾಡುತ್ತವೆ, ರಸ್ತೆಯೇ ಚಾಲಕನಿಗೆ ಎಚ್ಚರಿಕೆ ಕೊಡುತ್ತದೆ ಎಂಬ ಸುದ್ದಿಗಳನ್ನು ಓದುವಾಗಲೆಲ್ಲ ನನಗೆ ಆ ಕೈ ನೆನಪಾಗುತ್ತದೆ. ಇಚ್ಚ ಮಾಡುವುದು ಅದನ್ನೇ. ಕಾಣದ ಎರಡನ್ನೂ ಅವರು ಕಾಣುತ್ತಾರೆ. ಎರಡೂ ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ಬಂದು ಸೇರುತ್ತವೆಯೇ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ಇಬ್ಬರಲ್ಲಿ ಯಾರನ್ನು ನಿಲ್ಲಿಸುವುದು ಸುಲಭವೋ ಅವರಿಗೆ ಹೇಳುತ್ತಾರೆ. ಆದರೆ ಶುಕ್ರವಾರ ಮಧ್ಯಾಹ್ನ ಅವರು ಪಳ್ಳಿಗೆ ಹೋಗುತ್ತಾರೆ, ರಾತ್ರಿ ಎಂಟಕ್ಕೆ ಅಂಗಡಿಯ ಬಾಗಿಲು ಹಾಕುತ್ತಾರೆ. ಆ ಹೊತ್ತಿನಲ್ಲಿ ಕೂಡುರಸ್ತೆಗೆ ಕಣ್ಣೂ ಇಲ್ಲ, ಕೈಯೂ ಇಲ್ಲ.

ನಮ್ಮ ಕರಾವಳಿಯಲ್ಲಿ ರಸ್ತೆಗಳು ಕವಲೊಡೆಯುವ ಜಾಗಕ್ಕೆ ಕೈಕಂಬ ಎನ್ನುತ್ತಾರೆ. ಉಪ್ಪಳಕ್ಕೊಂದು ಕೈಕಂಬ, ಗುರುಪುರಕ್ಕೊಂದು, ಬಿ.ಸಿ. ರೋಡಿಗೊಂದು. ಮಲೆನಾಡಿನವರು ಕೈಮರ ಎನ್ನುವುದೂ ಇದನ್ನೇ. ಯಾವ ದಾರಿ ಎಲ್ಲಿಗೆ ಹೋಗುತ್ತದೆ ಎಂದು ಕೈಚಾಚಿ ತೋರಿಸುವ ಕಂಬ ಅದು. ದಾರಿಹೋಕನಿಗೆ ರಸ್ತೆ ಏನನ್ನಾದರೂ ಹೇಳಬೇಕು ಎಂಬ ಆಲೋಚನೆ ಈ ಪದದ ಒಳಗೇ ಇದೆ. ಊರಿನ ಹೆಸರು ಹೇಳುತ್ತಿದ್ದ ಆ ಕಂಬ ಇನ್ನು ಮುಂದೆ “ತಡೆ, ಬಸ್ಸು ಬರುತ್ತಿದೆ” ಎಂದೂ ಹೇಳಬಲ್ಲುದು. ಅದಕ್ಕೆ ಬೇಕಾದ ತಂತ್ರಜ್ಞಾನ ತಯಾರಿದೆ. ಆ ಮಾತನ್ನು ಯಾರ ಕಿವಿಗೆ ಮುಟ್ಟಿಸುತ್ತೇವೆ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಬೇಕು.

ಕೂಡುರಸ್ತೆ ಏಕೆ ಇಷ್ಟು ಅಪಾಯಕಾರಿ ಎಂಬುದಕ್ಕೆ ಸರಳ ಲೆಕ್ಕವೊಂದು ಸಾಕು. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿನಲ್ಲಿ 16 ಮೀಟರಿಗಿಂತ ಹೆಚ್ಚು ಸಾಗುತ್ತದೆ. ಅಪಾಯ ಕಂಡು, ಮನಸ್ಸು ಅದನ್ನು ಗ್ರಹಿಸಿ, ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲಿ ಒಂದೂವರೆ ಸೆಕೆಂಡ್ ಕಳೆದರೂ 25 ಮೀಟರ್ ಮುಗಿಯಿತು. ಅದಾದ ಮೇಲೆ ನಿಲ್ಲಲು ಒಣ ರಸ್ತೆಯಲ್ಲಿ ಇನ್ನೂ ಇಪ್ಪತ್ತಮೂರು ಮೀಟರ್ ಬೇಕು, ಒದ್ದೆ ರಸ್ತೆಯಲ್ಲಿ ಮೂವತ್ತೈದರ ಹತ್ತಿರ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಈ ವೇಗಕ್ಕೆ 80 ಮೀಟರ್ ದೃಷ್ಟಿದೂರ ಬೇಕು ಎನ್ನುತ್ತದೆ. ನಾನು ಹೇಳಿದ ಬರೆಯ ಮೂಲೆಯಲ್ಲಿ ಅದರ ಕಾಲುಭಾಗವೂ ಕಾಣುವುದಿಲ್ಲ. ಅಂದರೆ ಅಲ್ಲಿ ಡಿಕ್ಕಿಯಾದರೆ ಅದಕ್ಕೆ ಚಾಲಕನ ಅಜಾಗರೂಕತೆಯೊಂದೇ ಕಾರಣವೆಂದು ಬರೆಯುವುದು ಅನ್ಯಾಯ. ಎಚ್ಚರವಾಗಿದ್ದವನಿಗೂ ಅಲ್ಲಿ ಸಮಯ ಸಾಕಾಗುವುದಿಲ್ಲ. ಅವನಿಗೆ ಬೇಕಾದದ್ದು ಮೂಲೆಯಾಚೆಯ ಸುದ್ದಿ, ಮೂರು ನಾಲ್ಕು ಸೆಕೆಂಡ್ ಮೊದಲೇ.

ಕವಲು ಹೆಚ್ಚಿದಷ್ಟೂ ಲೆಕ್ಕ ಜಟಿಲವಾಗುತ್ತದೆ. ಮೂರು ರಸ್ತೆಗಳು ಸೇರುವಲ್ಲಿ ವಾಹನಗಳ ದಾರಿ ಒಂದನ್ನೊಂದು ಮುಟ್ಟುವ ಬಿಂದುಗಳು 9. ನಾಲ್ಕು ರಸ್ತೆ ಸೇರಿದರೆ ಅದು 32ಕ್ಕೆ ಏರುತ್ತದೆ. ಅದೇ ಜಾಗದಲ್ಲಿ ಸಣ್ಣ ವೃತ್ತವೊಂದನ್ನು ಕಟ್ಟಿದರೆ 8ಕ್ಕೆ ಇಳಿಯುತ್ತದೆ. ಜಾಗ ಇರುವಲ್ಲಿ ವೃತ್ತ ಕಟ್ಟುವುದು, ಬರೆಯನ್ನು ಹಿಂದಕ್ಕೆ ಸರಿಸುವುದು, ಮೂಲೆಯ ಫ್ಲೆಕ್ಸ್ ಬೋರ್ಡುಗಳನ್ನು ಕಿತ್ತುಹಾಕುವುದು ಇವೆಲ್ಲ ಯಾವ ಯಂತ್ರಕ್ಕಿಂತಲೂ ಮೊದಲು ಆಗಬೇಕಾದ ಕೆಲಸ. ಯಂತ್ರದ ಮಾತು ಆಡುವುದು ಇದನ್ನೆಲ್ಲ ಮಾಡಿದ ಮೇಲೂ, ಅಥವಾ ಮಾಡಲು ಜಾಗವೇ ಇಲ್ಲದಲ್ಲಿ, ಉಳಿಯುವ ಅಪಾಯದ ಬಗ್ಗೆ. ನಮ್ಮದು ಗುಡ್ಡಗಾಡಿನ ನಾಡು. ಅಂಥ ಜಾಗಗಳು ಹೇರಳವಾಗಿವೆ.

ವಾಹನಗಳು ಮಾತನಾಡುವುದು ಎಂದರೆ ಏನು? ಪ್ರತಿ ವಾಹನದಲ್ಲೂ ಒಂದು ಸಣ್ಣ ರೇಡಿಯೋ ಇರುತ್ತದೆ. ಅದು ಸೆಕೆಂಡಿಗೆ ಹತ್ತು ಸಲ ತಾನು ಎಲ್ಲಿದ್ದೇನೆ, ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ ಹೋಗುತ್ತಿದ್ದೇನೆ, ಬ್ರೇಕ್ ಒತ್ತಿದ್ದೇನೆಯೇ, ನನ್ನ ಉದ್ದಗಲ ಎಷ್ಟು ಎಂದು ಸುತ್ತಲಿಗೆಲ್ಲ ಸಾರುತ್ತದೆ. ಬಯಲು ಜಾಗದಲ್ಲಿ ಸುಮಾರು 300 ಮೀಟರ್ ದೂರದವರೆಗೆ ಅದು ಕೇಳಿಸುತ್ತದೆ. ಇನ್ನೊಂದು ವಾಹನ ಅದನ್ನು ಕೇಳಿಸಿಕೊಂಡು, ತನ್ನ ದಾರಿ ಮತ್ತು ಅದರ ದಾರಿ ಎಲ್ಲಿ ಯಾವಾಗ ಕೂಡುತ್ತವೆ ಎಂದು ಲೆಕ್ಕ ಹಾಕುತ್ತದೆ. ಹೊತ್ತು ಹತ್ತಿರವಾದರೆ ಚಾಲಕನನ್ನು ಎಚ್ಚರಿಸುತ್ತದೆ. ಇದಕ್ಕೆ ಮೊಬೈಲ್ ಗೋಪುರವೂ ಬೇಡ, ಅಂತರ್ಜಾಲವೂ ಬೇಡ. ಅಮೆರಿಕದಲ್ಲಿ ಇದಕ್ಕಾಗಿಯೇ 1999ರಲ್ಲಿ 5.9 ಗಿಗಾಹರ್ಟ್ಸ್ ಸುತ್ತಲಿನ ತರಂಗಗಳನ್ನು ಕಾದಿರಿಸಲಾಯಿತು. 2012ರಲ್ಲಿ ಮಿಶಿಗನ್ ರಾಜ್ಯದ ಆ್ಯನ್ ಆರ್ಬರ್ ನಗರದಲ್ಲಿ ಸುಮಾರು 2,800 ವಾಹನಗಳಿಗೆ ಇದನ್ನು ಜೋಡಿಸಿ ನೋಡಿದರು. ಕೂಡುರಸ್ತೆಯಲ್ಲಿ ನೆರವಾಗುವ ಎರಡು ಎಚ್ಚರಿಕೆಗಳಷ್ಟೇ ಎಲ್ಲ ವಾಹನಗಳಲ್ಲಿ ಇದ್ದರೂ ವರ್ಷಕ್ಕೆ 5,92,000ದಷ್ಟು ಡಿಕ್ಕಿಗಳನ್ನು ತಪ್ಪಿಸಿ 1,083 ಜೀವಗಳನ್ನು ಉಳಿಸಬಹುದು ಎಂದು ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆ 2014ರಲ್ಲಿ ಅಂದಾಜು ಮಾಡಿತು.

ಆದರೂ ಅಲ್ಲಿ ಅದು ಕಡ್ಡಾಯವಾಗಲಿಲ್ಲ. 2020ರಲ್ಲಿ ಕಾದಿರಿಸಿದ ತರಂಗಗಳಲ್ಲಿ ಅರ್ಧಕ್ಕಿಂತ ಹೆಚ್ಚಿನದನ್ನು ವೈಫೈ ಬಳಕೆಗೆ ಬಿಟ್ಟುಕೊಟ್ಟರು. ಇಪ್ಪತ್ತು ವರ್ಷ ಕಾದರೂ ವಾಹನಗಳಲ್ಲಿ ಅದು ಬಂದಿರಲಿಲ್ಲ ಎಂಬುದೇ ಅದಕ್ಕೆ ಕೊಟ್ಟ ಮುಖ್ಯ ಕಾರಣ. ಜಪಾನಿನಲ್ಲಿ ಟೊಯೊಟಾ 2015ರಿಂದ ಕೆಲವು ಕಾರುಗಳಲ್ಲಿ ಇಂಥ ವ್ಯವಸ್ಥೆ ಕೊಡುತ್ತಿದೆ, ಯುರೋಪಿನಲ್ಲಿ ಫೋಕ್ಸ್‌ವ್ಯಾಗನ್ ಎಂಟನೇ ತಲೆಮಾರಿನ ಗಾಲ್ಫ್ ಕಾರಿನಲ್ಲಿ ಕೊಟ್ಟಿದೆ. ಚೀನಾ ಮೊಬೈಲ್ ತಂತ್ರಜ್ಞಾನದಿಂದ ಹುಟ್ಟಿದ ಇನ್ನೊಂದು ಬಗೆಯನ್ನು ಹಿಡಿದು ಮುಂದೆ ಹೋಗಿದೆ. ಇಷ್ಟೆಲ್ಲ ಆಗಿಯೂ ಜಗತ್ತಿನ ರಸ್ತೆಗಳಲ್ಲಿ ಮಾತನಾಡುವ ವಾಹನಗಳು ಇನ್ನೂ ಕಡಿಮೆಯೇ.

ಕಾರಣ ಗಣಿತದಲ್ಲಿದೆ. ಎರಡು ವಾಹನಗಳ ನಡುವೆ ಮಾತು ನಡೆಯಬೇಕಾದರೆ ಎರಡರಲ್ಲೂ ಉಪಕರಣ ಇರಬೇಕು. ನೂರು ವಾಹನಗಳಲ್ಲಿ ಹತ್ತಕ್ಕೆ ಅದು ಇದೆ ಎಂದಿಟ್ಟುಕೊಳ್ಳಿ. ಕೂಡುರಸ್ತೆಯಲ್ಲಿ ಎದುರುಬದುರಾಗುವ ಜೋಡಿಗಳಲ್ಲಿ ಎರಡರಲ್ಲೂ ಉಪಕರಣ ಇರುವ ಜೋಡಿ ನೂರಕ್ಕೆ ಒಂದು ಮಾತ್ರ. ಅರ್ಧ ವಾಹನಗಳಿಗೆ ಬಂದಾಗಲೂ ಕಾಲುಭಾಗ ಜೋಡಿಗಳಿಗಷ್ಟೇ ರಕ್ಷಣೆ. ಇವತ್ತೇ ಎಲ್ಲ ಹೊಸ ವಾಹನಗಳಿಗೆ ಕಡ್ಡಾಯ ಮಾಡಿದರೂ ಹಳೆಯವು ರಸ್ತೆಯಿಂದ ಇಳಿಯಲು ಹದಿನೈದು ಇಪ್ಪತ್ತು ವರ್ಷ ಬೇಕು. ಮೊದಲು ಕೊಂಡವನಿಗೆ ಅದರಿಂದ ಏನೂ ಸಿಗುವುದಿಲ್ಲ. ಅವನು ಮಾತನಾಡುತ್ತಲೇ ಇರುತ್ತಾನೆ, ಕೇಳುವವರಿಲ್ಲ.

ನಮ್ಮ ದೇಶದಲ್ಲಿ ಈ ಗಣಿತ ಇನ್ನಷ್ಟು ಕಠಿಣ. ಕೇಂದ್ರ ಸರಕಾರದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇಕಡಾ 44.5 ದ್ವಿಚಕ್ರ ವಾಹನದವರು, ಶೇಕಡಾ 19.5 ಕಾಲ್ನಡಿಗೆಯವರು. ಸತ್ತ ಮೂವರಲ್ಲಿ ಸುಮಾರು ಇಬ್ಬರಿಗೆ ಸುತ್ತಲೂ ಕಬ್ಬಿಣದ ಕವಚವೇ ಇರಲಿಲ್ಲ. ಅವರ ಸ್ಕೂಟರಿಗೆ ಸೆಕೆಂಡಿಗೆ ಹತ್ತು ಸಲ ಮಾತನಾಡುವ ರೇಡಿಯೋ ಎಂದು ಬಂದೀತು? ಅಡಿಕೆ ಸುಲಿಯಲು ನಸುಕಿನಲ್ಲಿ ನಡೆದು ಹೋಗುವ ಹೆಂಗಸಿಗೆ ಅದನ್ನು ಎಲ್ಲಿ ಜೋಡಿಸುವುದು? ಕಾರು ತಾನೇ ಬ್ರೇಕ್ ಹಾಕಿಕೊಳ್ಳುವ ವ್ಯವಸ್ಥೆ ಒಳ್ಳೆಯದೇ. ಆದರೆ ಚಾಲಕನಿಗೆ ತಿಳಿಯದೆ ಬ್ರೇಕ್ ಬಿದ್ದರೆ ದ್ವಿಚಕ್ರ ವಾಹನ ಉರುಳಿ ಬೀಳಬಹುದು. ಅದಕ್ಕೆ ಎಚ್ಚರಿಕೆಯನ್ನಷ್ಟೇ ಕೊಡಬಹುದು, ಅದೂ ಸಾಕಷ್ಟು ಮೊದಲೇ.

ಹಾಗಾಗಿ ನನ್ನ ಅಭಿಪ್ರಾಯ ಸ್ಪಷ್ಟ. ಕಾರಿಗೆ ಮಾತು ಕಲಿಸುವ ಮೊದಲು ಕಂಬಕ್ಕೆ ಮಾತು ಕಲಿಸಬೇಕು. ಕಂಬ ನೋಡುವುದು ಎಲ್ಲರನ್ನೂ: ಕಾರು, ಬಸ್ಸು, ಪಿಕಪ್, ರಿಕ್ಷಾ, ಸ್ಕೂಟರ್. ಅದು ಬೆಳಕಿನಲ್ಲಿ ಹೇಳುವುದು ಕಣ್ಣಿರುವ ಎಲ್ಲರಿಗೂ. ಒಂದು ಕೂಡುರಸ್ತೆಯಲ್ಲಿ ಕಂಬ ನಿಂತ ದಿನವೇ ಆ ಕೂಡುರಸ್ತೆಯ ಎಲ್ಲ ಜೋಡಿಗಳಿಗೂ ರಕ್ಷಣೆ ಸಿಗುತ್ತದೆ. ಹತ್ತರಲ್ಲಿ ಒಂದು, ನೂರರಲ್ಲಿ ಒಂದು ಎಂಬ ಲೆಕ್ಕವೇ ಇಲ್ಲ.

ಇದು ಕನಸಿನ ಮಾತಲ್ಲ. ಅಮೆರಿಕದ ಮಿನೆಸೋಟಾ ರಾಜ್ಯದ ಹಳ್ಳಿಗಾಡಿನ ಕೂಡುರಸ್ತೆಗಳಲ್ಲಿ, ಮುಖ್ಯರಸ್ತೆಯಲ್ಲಿ ವಾಹನ ಬರುತ್ತಿದ್ದರೆ ಪಕ್ಕದ ರಸ್ತೆಯವರಿಗೆ ಫಲಕದ ದೀಪ ಮಿನುಗುತ್ತದೆ. ಪಕ್ಕದಿಂದ ಯಾರಾದರೂ ಬಂದರೆ ಮುಖ್ಯರಸ್ತೆಯವರಿಗೂ ಮಿನುಗುತ್ತದೆ. ನ್ಯೂಜಿಲೆಂಡಿನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಪಕ್ಕದ ರಸ್ತೆಯಲ್ಲಿ ವಾಹನ ಕಂಡ ಕೂಡಲೇ ಮುಖ್ಯರಸ್ತೆಯ ವೇಗಮಿತಿಯ ಅಂಕಿಯೇ ಬದಲಾಗುತ್ತದೆ. 100 ಇದ್ದದ್ದು 70 ಎಂದು ಬೆಳಗುತ್ತದೆ, ವಾಹನ ದಾಟಿದ ಮೇಲೆ ಆರುತ್ತದೆ. ನಮ್ಮಲ್ಲೇ 2017ರಲ್ಲಿ ಜಮ್ಮು–ಶ್ರೀನಗರ ಹೆದ್ದಾರಿಯ ಕಡಿದಾದ ತಿರುವುಗಳಲ್ಲಿ ಇಂಥ ಕಂಬಗಳನ್ನು ಪ್ರಯೋಗಕ್ಕೆ ನಿಲ್ಲಿಸಿದ್ದರು. ತಿರುವಿನ ಒಂದು ಕಡೆಯ ಕಂಬ ರಾಡಾರ್‌ನಿಂದ ವಾಹನವನ್ನು ಗುರುತಿಸಿ ಇನ್ನೊಂದು ಕಡೆಯ ಕಂಬಕ್ಕೆ ತಿಳಿಸುತ್ತಿತ್ತು, ಅದು ಹಾರ್ನ್ ಮಾಡಿ ಎದುರಿನವರನ್ನು ಎಚ್ಚರಿಸುತ್ತಿತ್ತು. ಹಿಮಾಲಯದ ತಿರುವಿಗೆ ಸಾಧ್ಯವಾದದ್ದು ಪೆರ್ಲದ ಇಳಿಜಾರಿಗೆ ಅಸಾಧ್ಯವೇನಲ್ಲ.

ಒಂದು ಕೂಡುರಸ್ತೆಗೆ ಏನು ಬೇಕು ನೋಡೋಣ. ಮುಖ್ಯರಸ್ತೆಯ ಎರಡೂ ಕಡೆಗೆ ಮುಖಮಾಡಿದ ಎರಡು ರಾಡಾರ್, ಪಕ್ಕದ ರಸ್ತೆಗೆ ಒಂದು. ಕ್ಯಾಮೆರಾಕ್ಕಿಂತ ರಾಡಾರ್ ಏಕೆಂದರೆ ಅದಕ್ಕೆ ಕತ್ತಲೆಯೂ ಒಂದೇ, ನಮ್ಮ ಆಷಾಢದ ಮಳೆಯೂ ಬಹುಮಟ್ಟಿಗೆ ಒಂದೇ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆಯಲ್ಲಿ ಗಾಜಿನ ಕಣ್ಣನ್ನು ನಂಬಿ ಕೂರಲಾಗದು. ಕಂಬದಿಂದ ಕಂಬಕ್ಕೆ ಸುದ್ದಿ ಕಳುಹಿಸಲು 865ರಿಂದ 867 ಮೆಗಾಹರ್ಟ್ಸ್ ತರಂಗಗಳಿವೆ, ಅವುಗಳ ಬಳಕೆಗೆ ನಮ್ಮ ದೇಶದಲ್ಲಿ ಪರವಾನಗಿ ಬೇಡ. ಮುಖ್ಯರಸ್ತೆಯ ವಾಹನ 130 ಮೀಟರ್ ದೂರದಲ್ಲಿ ಕಂಡರೆ, 60ರ ವೇಗದಲ್ಲಿ ಅದು ಮೂಲೆಗೆ ಬರಲು ಸುಮಾರು ಎಂಟು ಸೆಕೆಂಡ್ ಇದೆ. ಇಳಿದು ಬರುವವರಿಗೆ ನಿಲ್ಲಲು ಅದು ಧಾರಾಳ.

ಕಷ್ಟ ಇರುವುದು ಇನ್ನೊಂದು ಕಡೆ. ಯಂತ್ರ ಯಾವಾಗ ಸುಮ್ಮನಿರಬೇಕು ಎಂಬುದೇ ಅದು. ದನ ಅಡ್ಡ ಬಂದರೂ ಮಿನುಗುವ, ಮೂಲೆಗೆ ಬಾರದೆ ಹಿಂದಿನ ಮನೆಯ ಅಂಗಳಕ್ಕೆ ತಿರುಗಿದ ರಿಕ್ಷಾಕ್ಕೂ ಮಿನುಗುವ ದೀಪವನ್ನು ಊರಿನವರು ಒಂದು ತಿಂಗಳಲ್ಲಿ ನೋಡುವುದನ್ನೇ ಬಿಡುತ್ತಾರೆ. ಇಚ್ಚ ಎಲ್ಲರಿಗೂ ಕೈ ಎತ್ತುವುದಿಲ್ಲ. ಹತ್ತು ವಾಹನಗಳಲ್ಲಿ ಒಂದಕ್ಕೆ ಎತ್ತುತ್ತಾರೆ, ಅದಕ್ಕೇ ಆ ಕೈಗೆ ಬೆಲೆ. ಒಳ್ಳೆಯ ವ್ಯವಸ್ಥೆಯ ಬುದ್ಧಿವಂತಿಕೆ ಇರುವುದು ಇಲ್ಲಿ: ಕಂಡದ್ದಕ್ಕೆಲ್ಲ ಕೂಗುವುದರಲ್ಲಿ ಅಲ್ಲ, ವೇಗ ಮತ್ತು ದೂರವನ್ನು ಅಳೆದು ನಿಜವಾಗಿ ಕೂಡಲಿರುವ ಎರಡಕ್ಕೆ ಮಾತ್ರ ಹೇಳುವುದರಲ್ಲಿ. ಒಂದೇ ಕೂಡುರಸ್ತೆಯ ವಾಹನಗಳ ನಡೆಯನ್ನು ಕೆಲವು ವಾರ ಗಮನಿಸಿ ಆ ಜಾಗದ ರೂಢಿಯನ್ನು ಕಲಿತುಕೊಳ್ಳುವ ತಂತ್ರಾಂಶ ಇವತ್ತು ಅಪರೂಪದ್ದಲ್ಲ.

ಇದಕ್ಕಿಂತಲೂ ನನ್ನನ್ನು ಹೆಚ್ಚು ಕಾಡುವುದು ಸತ್ತ ದೀಪ. ಕಂಬಕ್ಕೆ ಒಗ್ಗಿಹೋದ ಊರಿನವರು “ಮಿನುಗದಿದ್ದರೆ ರಸ್ತೆ ಖಾಲಿ” ಎಂದು ನಂಬಲು ತೊಡಗುತ್ತಾರೆ. ಬ್ಯಾಟರಿ ಮುಗಿದ ರಾತ್ರಿ, ಸಿಡಿಲು ಬಡಿದ ಮರುದಿನ, ಆ ನಂಬಿಕೆಯೇ ಕೊಲ್ಲುತ್ತದೆ. ತುಲಾಮಾಸದ ಸಿಡಿಲಿಗೆ ನಮ್ಮಲ್ಲಿ ಪಂಪಿನ ಮೋಟಾರೂ ಉಳಿಯುವುದಿಲ್ಲ, ಟಿವಿಯೂ ಉಳಿಯುವುದಿಲ್ಲ. ರೈಲ್ವೆಯವರು ಇದಕ್ಕೆ ಬಹಳ ಹಿಂದೆಯೇ ಉತ್ತರ ಕಂಡುಕೊಂಡಿದ್ದಾರೆ. ಸಂಕೇತ ವ್ಯವಸ್ಥೆ ಕೆಟ್ಟರೆ ಅದು ಕೆಂಪಿನ ಕಡೆಗೇ ಕೆಡಬೇಕು, ಹಸಿರಿನ ಕಡೆಗೆ ಅಲ್ಲ ಎಂಬುದು ಅವರ ಮೂಲಪಾಠ. ಕೂಡುರಸ್ತೆಯ ಕಂಬಕ್ಕೂ ಇದೇ ನಿಯಮ ಬೇಕು. ತಾನು ಬದುಕಿದ್ದೇನೆ ಎಂದು ತೋರಿಸುವ ಸಣ್ಣದೊಂದು ದೀಪ ಸದಾ ಉರಿಯುತ್ತಿರಲಿ. ಅದು ಆರಿದ್ದರೆ, ಇಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲ ಎಂದು ಮಗುವಿಗೂ ಅರ್ಥವಾಗಲಿ.

ರೈಲಿನ ಮಾತು ಬಂದದ್ದರಿಂದ ಒಂದು ಹೋಲಿಕೆ. 2020ರಲ್ಲಿ ರಾಷ್ಟ್ರೀಯ ವ್ಯವಸ್ಥೆಯೆಂದು ಅಂಗೀಕರಿಸಿದ, ರೈಲುಗಳ ಡಿಕ್ಕಿ ತಡೆಯುವ ಕವಚ್‌ನಲ್ಲಿ ಹಳಿಯ ಮೇಲಿನ ಟ್ಯಾಗುಗಳು, ನಿಲ್ದಾಣದ ರೇಡಿಯೋ ಮತ್ತು ಇಂಜಿನ್ ತಮ್ಮೊಳಗೆ ಮಾತನಾಡಿಕೊಂಡು, ಚಾಲಕ ಬ್ರೇಕ್ ಹಾಕದಿದ್ದರೆ ತಾವೇ ಹಾಕುತ್ತವೆ. ವಿಮಾನಗಳಲ್ಲಿ ಇದು ಇನ್ನೂ ಹಳೆಯದು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಆಕಾಶದಲ್ಲಿ ಎರಡು ವಿಮಾನಗಳು ಡಿಕ್ಕಿಯಾಗಿ 349 ಮಂದಿ ಸತ್ತರು. ಅದಾದ ಮೇಲೆ ಭಾರತದಲ್ಲಿ ವಿಮಾನಗಳಿಗೆ ಡಿಕ್ಕಿ ತಡೆಯುವ ಉಪಕರಣ ಕಡ್ಡಾಯವಾಯಿತು. ಮೇಲೆ ಹೇಳಿದ 2022ರ ಸಂಖ್ಯೆಯನ್ನು 365ರಿಂದ ಭಾಗಿಸಿ ನೋಡಿ, ದಿನಕ್ಕೆ ಸುಮಾರು 462. ಒಂದು ಚರ್ಖಿ ದಾದ್ರಿಗಿಂತ ಹೆಚ್ಚು ಜನ ನಮ್ಮ ರಸ್ತೆಗಳಲ್ಲಿ ಪ್ರತಿದಿನ ಸಾಯುತ್ತಿದ್ದಾರೆ. ಒಬ್ಬೊಬ್ಬರಾಗಿ, ಬೇರೆ ಬೇರೆ ಊರಿನಲ್ಲಿ ಸಾಯುತ್ತಾರೆ, ಅಷ್ಟೇ ವ್ಯತ್ಯಾಸ. ಕೆಲವರು ಮಂಗಳೂರಿನ ಆಸ್ಪತ್ರೆಗೆ ಸಾಗಿಸುವ ದಾರಿಯಲ್ಲಿ, ಗಡಿ ದಾಟುವ ಮೊದಲೇ ಸಾಯುತ್ತಾರೆ.

ವಿಮಾನದ ಉಪಕರಣದಿಂದ ಕಲಿಯಬೇಕಾದ ಇನ್ನೊಂದು ಪಾಠವೂ ಇದೆ. ಅದು ಎರಡೂ ವಿಮಾನಗಳಿಗೆ ಒಂದೇ ಆಜ್ಞೆ ಕೊಡುವುದಿಲ್ಲ. ತಮ್ಮೊಳಗೆ ಮಾತನಾಡಿಕೊಂಡು ಒಂದಕ್ಕೆ ಮೇಲೇರು, ಇನ್ನೊಂದಕ್ಕೆ ಇಳಿ ಎನ್ನುತ್ತವೆ. 2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್ಲಿಂಗನ್ ಎಂಬಲ್ಲಿ ಒಂದು ವಿಮಾನಕ್ಕೆ ಉಪಕರಣ ಮೇಲೇರು ಎಂದಾಗ ನೆಲದ ನಿಯಂತ್ರಕ ಇಳಿ ಎಂದಿದ್ದ. ಆ ವಿಮಾನದವರು ನಿಯಂತ್ರಕನ ಮಾತು ಕೇಳಿದರು, ಇನ್ನೊಂದರವರು ಇಳಿ ಎಂದ ತಮ್ಮ ಉಪಕರಣದ ಮಾತು. ಎರಡೂ ಇಳಿದು ಡಿಕ್ಕಿಯಾದವು, 71 ಜನ ಸತ್ತರು. ಯಂತ್ರದ ಎಚ್ಚರಿಕೆ ಮತ್ತು ಮನುಷ್ಯರ ರೂಢಿ ಬೇರೆ ಬೇರೆ ದಾರಿ ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಘೋರವಾದ ಉದಾಹರಣೆ ಬೇಡ. ನಮ್ಮ ಕೂಡುರಸ್ತೆಯಲ್ಲಿ ನಿಯಮವೇನೋ ಇದೆ: ಮುಖ್ಯರಸ್ತೆಯವರಿಗೆ ಆದ್ಯತೆ, ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ರೂಢಿಯಲ್ಲಿ ನಡೆಯುವುದು ದೊಡ್ಡ ವಾಹನ ಮೊದಲು ಎಂಬುದು. ಕಂಬ ಇವೆರಡರ ನಡುವೆ ಹೊಸದೊಂದು ಗೊಂದಲ ಹುಟ್ಟಿಸಬಾರದು. ಇಳಿದು ಬರುವವರಿಗೆ “ನಿಲ್ಲು”, ಮುಖ್ಯರಸ್ತೆಯವರಿಗೆ “ನಿಧಾನ”, ಇಷ್ಟೇ ಸಾಕು. “ಹೋಗು” ಎಂದು ಕಂಬ ಯಾರಿಗೂ ಹೇಳಕೂಡದು.

ಸಪ್ತಭಾಷೆಗಳ ನಾಡಾದ ಕಾಸರಗೋಡಿನಲ್ಲಿ ಹೇಳುವುದು ಯಾವ ಭಾಷೆಯಲ್ಲಿ ಎಂಬ ಪ್ರಶ್ನೆ ಏಳದೆ ಇರದು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಪಕ್ಕದ ಮನೆಯಲ್ಲಿ ಬ್ಯಾರಿ, ಕೊಂಕಣಿ, ಮರಾಠಿ. ರಸ್ತೆಯ ಫಲಕಗಳಲ್ಲಿ ಕನ್ನಡವೂ ಇರಬೇಕು ಎಂದು ಇಲ್ಲಿನ ಕನ್ನಡಿಗರು ದಶಕಗಳಿಂದ ಕೇಳುತ್ತಲೇ ಬಂದಿದ್ದಾರೆ. ಅದು ನ್ಯಾಯವಾದ ಬೇಡಿಕೆ, ನಾನೂ ಆ ಬೇಡಿಕೆಯವನೇ. ಎಚ್ಚರಿಕೆಯ ಹೊತ್ತಿನಲ್ಲಿ ಮಾತ್ರ ಓದಲು ಸಮಯವಿಲ್ಲ. ಮಿನುಗುವ ಹಳದಿ ಬೆಳಕಿಗೆ, 30 ಎಂಬ ಅಂಕಿಗೆ, ಎತ್ತಿದ ಅಂಗೈಯ ಚಿತ್ರಕ್ಕೆ ಯಾವ ಲಿಪಿಯೂ ಬೇಡ. ಕೆಳಗಿನ ವಿವರಣೆಯ ಫಲಕದಲ್ಲಿ ಮಲಯಾಳದೊಂದಿಗೆ ಕನ್ನಡವೂ ಇರಲಿ. ಮುಂದೆ ಮೊಬೈಲ್ ಮೂಲಕ ಧ್ವನಿಯ ಎಚ್ಚರಿಕೆ ಬಂದಾಗ ಬಳಕೆದಾರನೇ ತನ್ನ ಭಾಷೆ ಆರಿಸಿಕೊಳ್ಳುವಂತಿರಲಿ.

ಗಡಿಯಿಂದ ಇನ್ನೊಂದು ತೊಡಕೂ ಇದೆ. ಕೆಎಲ್ 14 ಸಂಖ್ಯೆಯ ಸ್ಕೂಟರ್ ಮತ್ತು ಕೆಎ 19 ಸಂಖ್ಯೆಯ ಬಸ್ಸು ಹೊಸಂಗಡಿಯಲ್ಲಿ ಎದುರಾಗುತ್ತವೆ. ಪೆರ್ಲದ ಜೀಪು ಅಡ್ಕಸ್ಥಳ ದಾಟಿ ವಿಟ್ಲದ ಸಂತೆಗೆ ಹೋಗುತ್ತದೆ. ಕೇರಳ ಒಂದು ಬಗೆಯ ಉಪಕರಣ, ಕರ್ನಾಟಕ ಇನ್ನೊಂದು ಬಗೆಯದನ್ನು ಹಿಡಿದರೆ, ಅಥವಾ ಎಚ್ಚರಿಕೆ ತಿರುವನಂತಪುರದ ಸರ್ವರಿಗೋ ಬೆಂಗಳೂರಿನ ಸರ್ವರಿಗೋ ಹೋಗಿ ಮರಳಬೇಕಾದರೆ, ತಲಪಾಡಿಯ ಆಸುಪಾಸಿನಲ್ಲಿ ಏನೂ ಕೆಲಸ ಮಾಡದು. ಗಡಿಯ ಹಳ್ಳಿಗಳಲ್ಲಿ ಮೊಬೈಲ್ ಸಿಗ್ನಲ್ ಎತ್ತಲಿನ ಗೋಪುರವನ್ನು ಹಿಡಿಯುತ್ತದೆ ಎಂದು ನಮಗೆ ಗೊತ್ತೇ ಇದೆ. ನೇರವಾಗಿ ವಾಹನದಿಂದ ವಾಹನಕ್ಕೆ, ಕಂಬದಿಂದ ವಾಹನಕ್ಕೆ ಹೋಗುವ ತರಂಗಕ್ಕೆ ರಾಜ್ಯದ ಗಡಿ ತಿಳಿಯದು. ಅದಕ್ಕಾಗಿಯೇ ದೇಶಕ್ಕೆಲ್ಲ ಒಂದೇ ಮಾನದಂಡ ಬೇಕೆಂದು ಮೊದಲು ಒತ್ತಾಯಿಸಬೇಕಾದವರು ಗಡಿಯವರಾದ ನಾವು.

ಈಗಾಗಲೇ ನಮ್ಮ ರಸ್ತೆಗಳಲ್ಲಿರುವ ಯಂತ್ರಗಳು ಇದನ್ನು ಮಾಡಬಲ್ಲವೇ ಎಂದು ಕೆಲವರು ಕೇಳುತ್ತಾರೆ. ಕೇರಳ ಸರಕಾರ ರಾಜ್ಯದ ಉದ್ದಗಲಕ್ಕೆ 726 ಕ್ಯಾಮೆರಾಗಳನ್ನು ನಿಲ್ಲಿಸಿ 2023ರ ಜೂನ್ 5ರಿಂದ ದಂಡ ವಿಧಿಸಲು ತೊಡಗಿತು. ಹೆಲ್ಮೆಟ್ ಇಲ್ಲದವನನ್ನು ಅವು ಗುರುತಿಸುತ್ತವೆ, ನೋಟಿಸು ಮನೆಗೆ ಬರುತ್ತದೆ. ಅದರಿಂದ ಹೆಲ್ಮೆಟ್ ಧರಿಸುವವರು ಹೆಚ್ಚಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಅವು ಆದದ್ದನ್ನು ಬರೆದಿಡುವ ಕಣ್ಣುಗಳು, ಆಗಲಿರುವುದನ್ನು ಹೇಳುವ ಬಾಯಿ ಅವಕ್ಕಿಲ್ಲ. ಬಸ್ಸು, ಟ್ಯಾಕ್ಸಿಗಳಿಗೆ 2019ರಿಂದ ಕಡ್ಡಾಯವಾದ ಸ್ಥಳಸೂಚಕ ಉಪಕರಣವೂ ಹಾಗೆಯೇ. ಅದು ಕೆಲವು ಸೆಕೆಂಡಿಗೊಮ್ಮೆ ಮೊಬೈಲ್ ಜಾಲದ ಮೂಲಕ ದೂರದ ಕೇಂದ್ರಕ್ಕೆ ವರದಿ ಮಾಡುತ್ತದೆ. ಐದು ಸೆಕೆಂಡ್ ಹಳೆಯ ಸುದ್ದಿ ಎಂದರೆ 60ರ ವೇಗದಲ್ಲಿ 83 ಮೀಟರ್ ಹಿಂದಿನ ಸುದ್ದಿ. ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹಳೆಯದಾದರೆ ಒಂದೂಮುಕ್ಕಾಲು ಮೀಟರೂ ಇಲ್ಲ. ಡಿಕ್ಕಿ ತಡೆಯುವ ಯಂತ್ರಕ್ಕೂ ವಾಹನ ಎಲ್ಲಿದೆ ಎಂದು ನೋಡುವ ಯಂತ್ರಕ್ಕೂ ಇರುವ ಅಂತರ ಅದು. ಅಡಿಕೆ ತೋಟದ ನೆರಳಿನಲ್ಲಿ, ಕಡಿದ ಬರೆಗಳ ನಡುವೆ ಉಪಗ್ರಹದ ಸಂಕೇತ ದುರ್ಬಲವಾಗಿ ಸ್ಥಳದ ಅಳತೆಯೇ ಹಲವು ಮೀಟರ್ ತಪ್ಪುವುದೂ ಉಂಟು. ವಾಹನ ರಸ್ತೆಯ ಮೇಲಿದೆಯೋ ತೋಟದಲ್ಲಿದೆಯೋ ಎಂದು ತಿಳಿಯದ ಯಂತ್ರ ಯಾರನ್ನು ಎಚ್ಚರಿಸೀತು? ಒಂದೇ ಜಾಗದಲ್ಲಿ ನಿಂತ ಕಂಬಕ್ಕೆ ಈ ಗೊಂದಲವಿಲ್ಲ.

ನಾಗಪುರದಲ್ಲಿ 2021ರಿಂದ ನಡೆದ ಐರಾಸ್ತೆ ಯೋಜನೆಯಲ್ಲಿ ನಗರದ ಬಸ್ಸುಗಳಿಗೆ ಮುಂದಿನ ಅಪಾಯವನ್ನು ಕಂಡು ಚಾಲಕನನ್ನು ಎಚ್ಚರಿಸುವ ಉಪಕರಣ ಜೋಡಿಸಿದರು. ಅದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಎಚ್ಚರಿಕೆಯಲ್ಲ, ಎಚ್ಚರಿಕೆಗಳ ದಾಖಲೆ. ಬಸ್ಸುಗಳು ಮತ್ತೆ ಮತ್ತೆ ಎಲ್ಲಿ ಬೆಚ್ಚಿಬೀಳುತ್ತವೆ ಎಂದು ನೋಡಿ, ಅಪಘಾತ ಆಗುವ ಮೊದಲೇ ಆ ಜಾಗವನ್ನು ಗುರುತಿಸಬಹುದು. ನಮ್ಮಲ್ಲಿ ಕೂಡುರಸ್ತೆಗೆ ಹಂಪ್ ಬೇಕಾದರೂ ಯಾರಾದರೂ ಸಾಯಬೇಕು. ಕಂಬ ಪ್ರತಿದಿನದ “ಸ್ವಲ್ಪದರಲ್ಲಿ ತಪ್ಪಿತು” ಎಂಬುದನ್ನೆಲ್ಲ ಎಣಿಸಿಟ್ಟರೆ ಅರ್ಜಿಯ ಜೊತೆ ಲಗತ್ತಿಸಲು ಮರಣಪತ್ರ ಬೇಕಾಗಲಾರದು.

ಹೆದ್ದಾರಿಯ ಕಡೆಗೂ ಒಮ್ಮೆ ನೋಡಬೇಕು. ರಾಷ್ಟ್ರೀಯ ಹೆದ್ದಾರಿ 66 ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಷಟ್ಪಥವಾದಾಗ ಕೂಡುರಸ್ತೆಗಳ ಅಪಾಯ ಮುಗಿಯಿತು ಎಂದು ಅನೇಕರು ಭಾವಿಸಿದರು. ನಡುವಿನ ಪಥಗಳಲ್ಲಿ ನಿಜಕ್ಕೂ ಕಡಿಮೆಯಾಗಿದೆ. ಆದರೆ ಅಪಾಯ ಮಾಯವಾಗಿಲ್ಲ, ಬದಿಗೆ ಸರಿದಿದೆ. ಕಿರಿದಾದ ಸರ್ವಿಸ್ ರಸ್ತೆಯಲ್ಲಿ ಎರಡೂ ದಿಕ್ಕಿನಿಂದ ವಾಹನ ಬರುತ್ತದೆ, ಕೆಳಸೇತುವೆಯ ಬಾಯಿಯಲ್ಲಿ ಕಾಂಕ್ರೀಟ್ ಗೋಡೆ ಎರಡೂ ಕಡೆಯ ನೋಟವನ್ನು ಮುಚ್ಚುತ್ತದೆ. ಆರೇಳು ಮೀಟರ್ ಎತ್ತರದ ಆ ಗೋಡೆ ನಮ್ಮ ಕೆಂಪುಕಲ್ಲಿನ ಬರೆಯ ತಮ್ಮನೇ ಸರಿ. ಹೆದ್ದಾರಿಯ ಅಡಿಯಲ್ಲಿ ವಿದ್ಯುತ್ತೂ ಇದೆ, ಕೇಬಲ್ ಹಾಯಿಸಲು ಕೊಳವೆಯೂ ಇದೆ. ಮಾತನಾಡುವ ಕಂಬಕ್ಕೆ ಇದಕ್ಕಿಂತ ಅನುಕೂಲದ ಜಾಗ ಸಿಗಲಾರದು.

ಸಂದೇಶವನ್ನು ನಂಬುವುದು ಹೇಗೆ ಎಂಬ ಪ್ರಶ್ನೆಯನ್ನು ಇಲ್ಲಿ ಚುಟುಕಾಗಿ ಹೇಳಿಬಿಡುತ್ತೇನೆ. ರೇಡಿಯೋದಲ್ಲಿ ಯಾರು ಬೇಕಾದರೂ “ಲಾರಿ ಬರುತ್ತಿದೆ” ಎಂದು ಸುಳ್ಳು ಸಾರಬಹುದು. ಅದಕ್ಕೆ ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಇರುತ್ತದೆ. ವಾಹನದ ಮಾಲೀಕ ಎಲ್ಲೆಲ್ಲಿ ಓಡಾಡಿದ ಎಂದು ಹಿಂಬಾಲಿಸಲು ಆಗದಂತೆ ಆ ಸಹಿಯ ಗುರುತು ಆಗಾಗ ಬದಲಾಗುತ್ತಲೂ ಇರುತ್ತದೆ. ಇದರ ತಂತ್ರ ಪಳಗಿದ್ದು, ನಡೆಸುವ ಸಂಸ್ಥೆ ಮಾತ್ರ ಪ್ರಾಮಾಣಿಕವಾಗಿರಬೇಕು.

ಇನ್ನು ಉಳಿಯುವುದು ನೋಡಿಕೊಳ್ಳುವವರು ಯಾರು ಎಂಬುದು. ನಾನು ಹೇಳಿದ ಕೂಡುರಸ್ತೆಯಲ್ಲಿ ಮೇಲಿನ ರಸ್ತೆ ಪಂಚಾಯತಿನದು, ಕೆಳಗಿನದು ಲೋಕೋಪಯೋಗಿ ಇಲಾಖೆಯದು, ಪಾಗಾರ ಖಾಸಗಿಯವರದು, ತಂತಿ ವಿದ್ಯುತ್ ಮಂಡಳಿಯದು. ಕೂಡುವ ಆ ಹತ್ತು ಅಡಿ ಜಾಗ ಯಾರದೂ ಅಲ್ಲ. ಅಲ್ಲಿ ಎಂದೋ ನೆಟ್ಟ ಸೌರದೀಪವೊಂದು ಬ್ಯಾಟರಿ ಸತ್ತು ವರ್ಷಗಳಿಂದ ಕುರುಡಾಗಿ ನಿಂತಿದೆ. ಹೊಸ ಕಂಬದ ಕಥೆಯೂ ಅದೇ ಆಗಬಾರದು. ಅದಕ್ಕೆ ಒಬ್ಬ ಒಡೆಯ ಬೇಕು, ಐದು ವರ್ಷದ ನಿರ್ವಹಣೆಯ ಹಣ ಮೊದಲೇ ಕಾದಿರಿಸಿರಬೇಕು, ಕೆಟ್ಟರೆ ಕರೆ ಮಾಡಬೇಕಾದ ಸಂಖ್ಯೆ ಕಂಬದ ಮೇಲೆಯೇ ಬರೆದಿರಬೇಕು. ಪೊವ್ವಲ್‌ನಲ್ಲಿ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜಿದೆ, ಗಡಿಯಾಚೆ ಸುರತ್ಕಲ್ಲಿನಲ್ಲಿ ಎನ್‌ಐಟಿಕೆ ಇದೆ. ಒಂದು ಕೂಡುರಸ್ತೆ, ಒಂದು ಮಳೆಗಾಲ. ರಾಡಾರ್ ಎಷ್ಟು ಸಲ ಸರಿ ಕಂಡಿತು, ಎಷ್ಟು ಸಲ ಸುಮ್ಮನೆ ಬೆದರಿತು ಎಂದು ಅಲ್ಲಿನ ವಿದ್ಯಾರ್ಥಿಗಳೇ ಕುಳಿತು ಎಣಿಸಲಿ. ಜಿಲ್ಲೆಯ ಬಜೆಟಿಗೆ ಅದು ಭಾರವಾಗುವ ಕೆಲಸವಲ್ಲ.

ಕಳೆದ ವಾರ ನಾನು ಇದನ್ನೆಲ್ಲ ಇಚ್ಚನ ಮುಂದೆ ಹೇಳಿದೆ. ಅವರು ನಡುವೆ ಬಾಯಿಹಾಕದೆ ಪೂರ್ತಿ ಕೇಳಿದರು. ಆಮೇಲೆ, “ಕಂಬ ಎಲ್ಲಿ ಹಾಕುತ್ತೀರಿ?” ಎಂದರು. ನಾನು ಮೂಲೆಯನ್ನು ತೋರಿಸಿದೆ. ಅವರು ತಲೆ ಅಲ್ಲಾಡಿಸಿ, ಟವೆಲ್ಲು ಹೆಗಲಿಗೆ ಹಾಕಿಕೊಂಡು ಅಂಗಡಿಯಿಂದ ಇಳಿದರು. ಮುಖ್ಯರಸ್ತೆಯ ಅಂಚಿನಲ್ಲಿ ಬದಿಯಡ್ಕದ ಕಡೆಗೆ ನಡೆಯತೊಡಗಿದರು. ನಾನು ಜೊತೆಗೆ ಹೆಜ್ಜೆ ಎಣಿಸುತ್ತ ಹೋದೆ. ನೂರ ಎಂಬತ್ತು ಹೆಜ್ಜೆಯಾದ ಮೇಲೆ ಒಂದು ಹಲಸಿನ ಮರದ ಬುಡದಲ್ಲಿ ನಿಂತರು. “ಮಾಷೆ, ಇಲ್ಲಿ,” ಎಂದರು. “ಬಸ್ಸಿನವನು ಗೇರ್ ಬದಲಿಸುವುದು ಇಲ್ಲಿ. ಆ ಸದ್ದು ಕೇಳಿಯೇ ನಾನು ಮೇಲಿನ ರಸ್ತೆ ನೋಡುವುದು.”